ಹೊಸದಾಗಿ ಬೈಕ್ ಹಿಡಿದವರ ಭಯ: ಅದು ಹುಟ್ಟುವುದೆಲ್ಲಿ, ಕಳೆಯುವುದು ಹೇಗೆ

ಬೈಕ್ ಕಲಿಯುವವರಿಗೆ ನಮ್ಮಲ್ಲಿ ಮೊದಲು ಸಿಗುವ ಸಲಹೆ ‘ಧೈರ್ಯವಾಗಿ ಓಡಿಸು, ಏನೂ ಆಗಲ್ಲ’ ಅನ್ನುವುದು. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗಿ, ಹಿಂದೆ ಹತ್ತು ಹಾರ್ನ್ ಕೂಗುತ್ತಿರುವಾಗ ಈ ಮಾತು ಕೈಗೂ ಕಾಲಿಗೂ ಏನು ಮಾಡಬೇಕೆಂದು ಹೇಳಿಕೊಡುವುದಿಲ್ಲ.

ಹೊಸ ಸವಾರರ ಭಯವನ್ನು ಪುಕ್ಕಲುತನ ಅಂದುಕೊಳ್ಳುವುದೇ ಮೊದಲ ತಪ್ಪು. ಬೈಕಿನ ಮೇಲೆ ಕೂತವರು ಏಕಕಾಲಕ್ಕೆ ಮಾಡಬೇಕಾದ ಕೆಲಸಗಳನ್ನು ನೋಡಿ. ಎಡಗೈಗೆ ಕ್ಲಚ್, ಬಲಗೈಗೆ ರೇಸ್ ಮತ್ತು ಮುಂದಿನ ಬ್ರೇಕ್, ಎಡಗಾಲಿಗೆ ಗೇರ್, ಬಲಗಾಲಿಗೆ ಹಿಂದಿನ ಬ್ರೇಕ್, ಇಡೀ ಮೈಗೆ ಬ್ಯಾಲೆನ್ಸ್. ಇಷ್ಟೆಲ್ಲದರ ನಡುವೆ ಕಣ್ಣು ರಸ್ತೆಯ ಮೇಲಿರಬೇಕು. ಹಳಬರ ಕೈಕಾಲು ಈ ಕೆಲಸಗಳನ್ನು ತಾವಾಗಿಯೇ ಮಾಡುತ್ತವೆ, ಅವರ ಗಮನವೆಲ್ಲ ರಸ್ತೆಗೆ ಸಿಗುತ್ತದೆ. ಹೊಸಬರು ಎರಡನೇ ಗೇರ್ ಹಾಕುವ ಹೊತ್ತಿಗೆ ಮನಸ್ಸು ಪೂರ್ತಿ ಎಡಗಾಲಿನಲ್ಲಿರುತ್ತದೆ. ಆ ಒಂದೆರಡು ಸೆಕೆಂಡ್ ಎದುರಿನ ಆಟೊ ಕಂಡೂ ಕಂಡಂತಾಗುವುದಿಲ್ಲ. ಇದು ಸವಾರರಿಗೆ ಒಳಗೊಳಗೇ ಗೊತ್ತಿರುತ್ತದೆ, ಅದಕ್ಕೇ ಎದೆ ಹೊಡೆದುಕೊಳ್ಳುತ್ತದೆ. ಅಂದರೆ ಆ ಭಯ ಹೇಳುತ್ತಿರುವುದು ಸರಿಯಾಗಿಯೇ ಇದೆ.

ಹಾಗಾಗಿ ದಾರಿ ಇಷ್ಟೇ. ಕೈಕಾಲಿನ ಕೆಲಸವನ್ನು ವಾಹನಗಳೇ ಇಲ್ಲದ ಜಾಗದಲ್ಲಿ, ಯೋಚನೆ ಬೇಡದಷ್ಟು ರೂಢಿ ಮಾಡಿಕೊಳ್ಳಬೇಕು. ಬಿಡುವಾದ ಗಮನವನ್ನು ಆಮೇಲೆ ರಸ್ತೆಗೆ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಮೈದಾನದಲ್ಲಿ ಅರ್ಧ ಗಂಟೆ ಓಡಿಸಿ, ಮಾವನನ್ನೋ ಅಣ್ಣನನ್ನೋ ಹಿಂದೆ ಕೂರಿಸಿಕೊಂಡು ನೇರ ಮೇನ್ ರೋಡಿಗೆ ಇಳಿಯುವ ನಮ್ಮ ಕಲಿಕೆಯ ಪದ್ಧತಿ ಇವೆರಡನ್ನೂ ಒಟ್ಟಿಗೆ ತಲೆಯ ಮೇಲೆ ಹೇರುತ್ತದೆ. ಹಿಂದಿನಿಂದ ‘ಕ್ಲಚ್ ಬಿಡೋ, ಬ್ರೇಕ್ ಹಿಡಿಯೋ’ ಎಂಬ ಕೂಗು ಬೇರೆ. ಕಲಿಸುವವರು ಪಕ್ಕದಲ್ಲಿ ನೆಲದ ಮೇಲೆ ನಿಂತು ನೋಡಲಿ. ಹಿಂದೆ ಕೂತರೆ ಗಾಡಿಯ ಭಾರವೂ ಹೆಚ್ಚುತ್ತದೆ, ಕಲಿಯುವವರ ತಳಮಳವೂ ಹೆಚ್ಚುತ್ತದೆ.

ಗಾಬರಿಯಾದಾಗ ಮೈ ಏನು ಮಾಡುತ್ತದೆ

ಹೆದರಿದಾಗ ಮೈ ಬಿಗಿಯುತ್ತದೆ. ನಡೆಯುವವರಿಗೆ ಅದರಿಂದ ತೊಂದರೆಯಿಲ್ಲ, ಬೈಕಿನ ಮೇಲಿರುವವರಿಗೆ ಇದೆ. ಮುಷ್ಟಿ ಬಿಗಿಯಾದರೆ ರೇಸ್ ನುಣುಪಾಗಿ ಏರಿಳಿಯದೆ ಜರ್ಕ್ ಹೊಡೆಯುತ್ತದೆ. ಮೊಣಕೈ ಸೆಟೆದರೆ ಹ್ಯಾಂಡಲ್ ತಿರುಗುವುದಿಲ್ಲ, ರಸ್ತೆಯ ಪ್ರತಿ ಕುಲುಕಾಟವೂ ಭುಜಕ್ಕೆ ಬರುತ್ತದೆ. ನೋಟ ಕಿರಿದಾಗಿ ಮುಂದಿನ ಚಕ್ರದ ಎದುರಿನ ಮೂರ್ನಾಲ್ಕು ಮೀಟರ್‌ಗೆ ಅಂಟಿಕೊಳ್ಳುತ್ತದೆ. ಅಷ್ಟು ಹತ್ತಿರ ನೋಡಿದರೆ 30 ಕಿ.ಮೀ. ವೇಗವೂ ಭಯಂಕರವಾಗಿ ಕಾಣುತ್ತದೆ, ಆಗ ಮೈ ಇನ್ನಷ್ಟು ಬಿಗಿಯುತ್ತದೆ.

ಈ ಸುತ್ತನ್ನು ಮುರಿಯಲು ಮನಸ್ಸಿಗೆ ಬುದ್ಧಿ ಹೇಳುವುದಕ್ಕಿಂತ ಮೈಗೆ ಕೆಲಸ ಕೊಡುವುದು ಸುಲಭ. ಎರಡೂ ಮಂಡಿಗಳಿಂದ ಟ್ಯಾಂಕನ್ನು ಒತ್ತಿ ಹಿಡಿಯಿರಿ. ಮೈಯ ಭಾರ ಕಾಲು, ಸೊಂಟಕ್ಕೆ ಇಳಿದು ಕೈ ಹಗುರಾಗುತ್ತದೆ. ಬೆರಳುಗಳನ್ನು ಸ್ವಲ್ಪ ಸಡಿಲಿಸಿ, ಮೊಣಕೈ ಕೊಂಚ ಮಡಚಿರಲಿ. ಉಸಿರನ್ನು ನಿಧಾನವಾಗಿ, ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಹೊರಗೆ ಬಿಡಿ. ಗದ್ದ ಎತ್ತಿ ದೂರ ನೋಡಿ. ಮುಂಗೈ ನೋಯುತ್ತಿದ್ದರೆ ಹ್ಯಾಂಡಲನ್ನು ಹಿಚುಕುತ್ತಿದ್ದೀರಿ ಎಂದರ್ಥ. ಪ್ರತಿ ಸಿಗ್ನಲ್‌ನಲ್ಲಿ ನಿಂತಾಗ ಭುಜ ಕೆಳಗಿಳಿಸುವುದನ್ನು ಅಭ್ಯಾಸ ಮಾಡಿಕೊಂಡರೆ ಸಾಕಷ್ಟು ಬಿಗಿತ ಹೋಗುತ್ತದೆ.

ಗಾಡಿ ಮೈಗೆ ಹೊಂದಲಿ

ಕಲಿಯುವವರು ಬೀಳುವುದು ಹೆಚ್ಚಾಗಿ ವೇಗದಲ್ಲಲ್ಲ, ನಿಲ್ಲುವಾಗ. ಅದಕ್ಕೇ ಗಾಡಿಯ ತೂಕ ಮತ್ತು ಸೀಟಿನ ಎತ್ತರ ಮುಖ್ಯ. ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆ.ಜಿ. ಇದೆ, ಸೀಟಿನ ಎತ್ತರ 785 ಮಿ.ಮೀ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಯ ತೂಕ 195 ಕೆ.ಜಿ., ಎತ್ತರ 805 ಮಿ.ಮೀ. ಎತ್ತರದಲ್ಲಿ ವ್ಯತ್ಯಾಸ ಬರೀ ಎರಡು ಸೆಂಟಿಮೀಟರ್, ತೂಕದಲ್ಲಿ 80 ಕೆ.ಜಿ.ಗೂ ಹೆಚ್ಚು. ದೊಡ್ಡ ಗಾಡಿಯ ಆಸೆ ಇರಲಿ, ಕಲಿಯುವುದು 100ರಿಂದ 125 ಸಿಸಿ ಗಾಡಿಯಲ್ಲಿ ಆಗಲಿ. ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯ ಹಳೇ ಗಾಡಿಯನ್ನು ಕೇಳಿ ತೆಗೆದುಕೊಂಡರೂ ಸರಿ. ಸೀಟಿನ ಮೇಲೆ ಕೂತಾಗ ಎರಡೂ ಪಾದಗಳ ಮುಂಭಾಗವಾದರೂ ನೆಲಕ್ಕೆ ಗಟ್ಟಿಯಾಗಿ ಊರಬೇಕು.

ಮೆಕ್ಯಾನಿಕ್ ಬಳಿ ಹತ್ತು ನಿಮಿಷದ ಕೆಲಸವೂ ಇದೆ. ಕ್ಲಚ್ ಲಿವರ್‌ನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಅದಕ್ಕಿಂತ ಬಿಗಿಯಿದ್ದರೆ, ಲಿವರ್ ಪೂರ್ತಿ ಬಿಟ್ಟರೂ ಕ್ಲಚ್ ಜಾರುತ್ತಿರುತ್ತದೆ. ತೀರಾ ಸಡಿಲವಿದ್ದರೆ ಪೂರ್ತಿ ಒತ್ತಿದರೂ ಗಾಡಿ ಮುಂದಕ್ಕೆ ಎಳೆಯುತ್ತದೆ, ನ್ಯೂಟ್ರಲ್ (ಯಾವ ಗೇರೂ ಬೀಳದ ಸ್ಥಿತಿ) ಸಿಗುವುದಿಲ್ಲ. ‘ನನಗೆ ನ್ಯೂಟ್ರಲ್ ಹಾಕಲು ಬರುವುದಿಲ್ಲ’ ಎಂದು ಕೊರಗುವವರ ತೊಂದರೆ ಎಷ್ಟೋ ಸಲ ಈ ಕೇಬಲ್‌ನಲ್ಲಿ ಇರುತ್ತದೆ. ಕೈ ಚಿಕ್ಕದಾಗಿದ್ದು ಲಿವರ್ ದೂರವೆನಿಸಿದರೆ ಅದರ ಕೋನವನ್ನು ಸ್ವಲ್ಪ ಕೆಳಗಿಳಿಸಿದರೆ ಮಣಿಕಟ್ಟಿಗೆ ಆರಾಮ. ಬ್ರೇಕ್ ಪೆಡಲ್, ಚೈನ್, ಟೈರಿನ ಗಾಳಿ ಕೂಡ ಅಲ್ಲೇ ನೋಡಿಸಿಬಿಡಿ.

ಹೆಲ್ಮೆಟ್‌ಗೆ ಐಎಸ್‌ಐ ಗುರುತು, ಅದರ ಜೊತೆ ಐಎಸ್ 4151 ಎಂಬ ಸಂಖ್ಯೆ ಇರಬೇಕು. ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಕೆನ್ನೆಗೆ ಒತ್ತದ ಹೆಲ್ಮೆಟ್ ದೊಡ್ಡದಾಯಿತು ಎಂದೇ ಲೆಕ್ಕ. ಚಪ್ಪಲಿ ಬೇಡ, ಗೇರ್ ಎತ್ತುವಾಗ ಕಾಲ್ಬೆರಳಿಗೆ ಪೆಟ್ಟಾಗುತ್ತದೆ. ಪಾದದ ಗಂಟು ಮುಚ್ಚುವ ಶೂ, ಕೈಗೆ ಗ್ಲೌಸ್ ಹಾಕಿ. ದುಪಟ್ಟಾ ಇದ್ದರೆ ಎರಡೂ ತುದಿಗಳನ್ನು ಬಟ್ಟೆಯೊಳಗೆ ಸೇರಿಸಿ ಕಟ್ಟಬೇಕು. ಚೈನಿಗೋ ಚಕ್ರಕ್ಕೋ ಸಿಕ್ಕ ದುಪಟ್ಟಾ ಕುತ್ತಿಗೆಗೆ ಉರುಳಾಗಲು ಒಂದು ಕ್ಷಣ ಸಾಕು.

ಕ್ಲಚ್

ಹೊಸಬರ ಭಯದಲ್ಲಿ ದೊಡ್ಡ ಪಾಲು ಕ್ಲಚ್ಚಿನದು. ಎಂಜಿನ್ ಆಫ್ ಆಗುವುದು, ಗಾಡಿ ಜಿಗಿಯುವುದು, ಏರಿನಲ್ಲಿ ಹಿಂದಕ್ಕೆ ಜಾರುವುದು ಎಲ್ಲವೂ ಇಲ್ಲಿಂದಲೇ ಬರುವ ತೊಂದರೆಗಳು. ಆದ್ದರಿಂದ ಬೇರೆಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೆ ಕೊಡಿ.

ಕ್ಲಚ್ ಎಂದರೆ ಒಂದರ ಪಕ್ಕ ಒಂದು ಜೋಡಿಸಿದ ತಟ್ಟೆಗಳು. ಲಿವರ್ ಒತ್ತಿದಾಗ ಅವು ಬೇರೆಯಾಗಿ ಎಂಜಿನ್‌ಗೂ ಹಿಂದಿನ ಚಕ್ರಕ್ಕೂ ಸಂಬಂಧ ಕಡಿಯುತ್ತದೆ. ಪೂರ್ತಿ ಬಿಟ್ಟಾಗ ಕಚ್ಚಿಕೊಂಡು ಎರಡೂ ಒಂದೇ ಆಗುತ್ತವೆ. ನಡುವೆ ತಟ್ಟೆಗಳು ಉಜ್ಜಿಕೊಂಡು ಸ್ವಲ್ಪ ಶಕ್ತಿ ಮಾತ್ರ ದಾಟಿಸುವ ಒಂದು ಜಾಗವಿದೆ, ಬೆರಳಿನ ಒಂದೆರಡು ಸೆಂಟಿಮೀಟರ್ ಚಲನೆಯಷ್ಟು. ನಾವು ‘ಹಾಫ್ ಕ್ಲಚ್’ ಅನ್ನುವುದು ಇದಕ್ಕೆ. ಆ ಜಾಗವನ್ನು ಹಾರಿಸಿ ಲಿವರ್ ಬಿಟ್ಟರೆ ನಿಧಾನವಾಗಿ ತಿರುಗುತ್ತಿರುವ ಎಂಜಿನ್ ಮೇಲೆ ನಿಂತ ಗಾಡಿಯ ಭಾರವೆಲ್ಲ ಒಮ್ಮೆಲೇ ಬೀಳುತ್ತದೆ. ರೇಸ್ ಕಡಿಮೆಯಿದ್ದರೆ ಎಂಜಿನ್ ಸಾಯುತ್ತದೆ, ಹೆಚ್ಚಿದ್ದರೆ ಗಾಡಿ ಹಾರುತ್ತದೆ.

ಮೊದಲ ಪಾಠ ಎಂಜಿನ್ ಆಫ್ ಮಾಡಿ, ಡಬಲ್ ಸ್ಟ್ಯಾಂಡ್ ಹಾಕಿಕೊಂಡು. ಗೇರ್ ಯಾವ ಕಡೆ ಬೀಳುತ್ತದೆಂದು ತಿಳಿಯಿರಿ. ಸ್ಪ್ಲೆಂಡರ್‌ನಲ್ಲಿ ನಾಲ್ಕು ಗೇರೂ ಮುಂಗಾಲಿನಿಂದ ಕೆಳಕ್ಕೆ ಒತ್ತುವಂಥವು. 150 ಸಿಸಿಯ ಮತ್ತು ಅದಕ್ಕೂ ದೊಡ್ಡ ಗಾಡಿಗಳಲ್ಲಿ ಸಾಮಾನ್ಯವಾಗಿ ಒಂದನೆಯದು ಕೆಳಕ್ಕೆ, ಉಳಿದವು ಮೇಲಕ್ಕೆ. ನಿಂತ ಗಾಡಿಯಲ್ಲಿ ಮೇಲಿನ ಗೇರುಗಳು ಬೀಳದಿದ್ದರೆ ನಿಮ್ಮ ತಪ್ಪಲ್ಲ. ಒಳಗಿನ ಹಲ್ಲುಗಳು ಹೊಂದಿಕೊಳ್ಳಲು ಚಕ್ರ ತಿರುಗಬೇಕು. ಚೈನಿನಿಂದ ಬೆರಳು ದೂರವಿಟ್ಟು ಹಿಂದಿನ ಟೈರನ್ನು ಮೆಲ್ಲಗೆ ತಿರುಗಿಸುತ್ತಾ ಹಾಕಿ ನೋಡಿ. ಕಣ್ಣು ಮುಚ್ಚಿಕೊಂಡು ಗೇರ್, ಬ್ರೇಕ್, ಹಾರ್ನ್, ಇಂಡಿಕೇಟರ್, ಎಂಜಿನ್ ನಿಲ್ಲಿಸುವ ಕೆಂಪು ಕಿಲ್ ಸ್ವಿಚ್ ಮುಟ್ಟಲು ಬರುವವರೆಗೆ ಇದು ನಡೆಯಲಿ.

ಎರಡನೆಯದಕ್ಕೆ ಸಮತಟ್ಟಾದ ಶಾಲೆಯ ಮೈದಾನ ಬೇಕು. ಸ್ಟಾರ್ಟ್ ಮಾಡಿ, ಒಂದನೇ ಗೇರ್ ಹಾಕಿ, ಎರಡೂ ಕಾಲು ನೆಲದ ಮೇಲಿಡಿ. ರೇಸ್ ಮುಟ್ಟಲೇಬೇಡಿ. ಲಿವರನ್ನು ಕೂದಲೆಳೆಯಷ್ಟೇ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಎಂಜಿನ್ ಶಬ್ದ ತಗ್ಗಿ ಗಾಡಿ ಮುಂದಕ್ಕೆ ಮಿಸುಕುತ್ತದೆ. ಅಲ್ಲೇ ಮತ್ತೆ ಒತ್ತಿ, ಗಾಡಿ ನಿಲ್ಲಲಿ. ಇಪ್ಪತ್ತು ಮೂವತ್ತು ಸಲ ಇದನ್ನೇ ಮಾಡಿದರೆ ಆ ಜಾಗ ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಅದೇ ಜಾಗದಲ್ಲಿ ಲಿವರ್ ಹಿಡಿದು, ಕಾಲೂರಿಕೊಂಡು ನಡೆಯುತ್ತಾ ಹತ್ತು ಮೀಟರ್ ಹೋಗಿ. ನಂತರ ಕಾಲು ಎತ್ತಿ. ರೇಸ್ ಸೇರಿಸುವುದು ಎಲ್ಲಕ್ಕಿಂತ ಕೊನೆಗೆ. ಎಡ ಮುಂಗೈ ನೋಯತೊಡಗಿದರೆ ನಿಲ್ಲಿಸಿ. ಒಂದು ಸಲಕ್ಕೆ 30–40 ನಿಮಿಷ ಸಾಕು, ದಣಿದ ಕೈ ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಕ್ಲಚ್ ಕಾದಿದೆ, ಗಾಡಿ ಆರಲು ಬಿಡಿ.

ಮೂರನೆಯದನ್ನು ಯಾರೂ ಕಲಿಸುವುದಿಲ್ಲ, ನಮ್ಮ ಪ್ರಕಾರ ಅದೇ ಅತಿ ಮುಖ್ಯ: ಬೇಕೆಂದೇ ಗಾಡಿ ಆಫ್ ಮಾಡಿಕೊಳ್ಳುವುದು. ಮೈದಾನದ ನಡುವೆ ಕ್ಲಚ್ ಪಟ್ಟನೆ ಬಿಟ್ಟು ಎಂಜಿನ್ ನಿಲ್ಲಿಸಿ. ಕ್ಲಚ್ ಒತ್ತಿ, ಬ್ರೇಕ್ ಹಿಡಿದು, ಸೆಲ್ಫ್ ಸ್ಟಾರ್ಟ್ ಒತ್ತಿ, ಹಾಫ್ ಕ್ಲಚ್‌ಗೆ ಬಂದು ಹೊರಡಿ. ಸೆಲ್ಫ್ ಇರುವ ಬಹುತೇಕ ಗಾಡಿಗಳು ಕ್ಲಚ್ ಒತ್ತಿದ್ದರೆ ಗೇರ್‌ನಲ್ಲಿದ್ದಾಗಲೂ ಸ್ಟಾರ್ಟ್ ಆಗುತ್ತವೆ, ನ್ಯೂಟ್ರಲ್ ಹುಡುಕುವ ಅಗತ್ಯವಿಲ್ಲ. ನಿಮ್ಮ ಗಾಡಿ ಹಾಗಿದೆಯೇ ಎಂದು ಮೈದಾನದಲ್ಲೇ ತಿಳಿದುಕೊಳ್ಳಿ. ಇಪ್ಪತ್ತು ಸಲ ಮಾಡಿದ ಮೇಲೆ ಇದು ಕೆಲವೇ ಸೆಕೆಂಡಿನ ಕೆಲಸ. ಸಿಗ್ನಲ್‌ನಲ್ಲಿ ಗಾಡಿ ನಿಂತಾಗ ಹೆದರಿಸುವುದು ಎಂಜಿನ್ ಆಫ್ ಆದದ್ದಲ್ಲ, ಮುಂದೇನು ಎಂದು ತಿಳಿಯದಿರುವುದು. ಆ ಉತ್ತರ ಕೈಯಲ್ಲೇ ಇದ್ದರೆ ಹಿಂದಿನ ಹಾರ್ನ್ ಬರೀ ಶಬ್ದ.

ಜೊತೆಗೆ ಒಂದು ಎಚ್ಚರಿಕೆ. ಗಾಡಿ ಜಿಗಿದಾಗ ಸವಾರರ ಮೈ ಹಿಂದಕ್ಕೆ ವಾಲುತ್ತದೆ, ಹ್ಯಾಂಡಲ್ ಹಿಡಿದ ಬಲಗೈ ಎಳೆದಂತಾಗಿ ರೇಸ್ ಇನ್ನೂ ತಿರುಗುತ್ತದೆ, ಗಾಡಿ ಮತ್ತಷ್ಟು ಜಿಗಿಯುತ್ತದೆ. ಹೊಸಬರು ಕಾಂಪೌಂಡ್ ಗೋಡೆಗೆ ಗುದ್ದುವುದು ಹೀಗೆ. ಇದರಿಂದ ಪಾರಾಗಲು ಕ್ಲಚ್ ಪೂರ್ತಿ ಒತ್ತುವುದು ಒಂದೇ ಸಾಕು. ರೇಸ್ ಎಷ್ಟೇ ಇರಲಿ, ಎಂಜಿನ್ ಅರಚಿಕೊಳ್ಳುತ್ತದೆ ಅಷ್ಟೆ, ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ‘ಗಾಬರಿಯಾದರೆ ಕ್ಲಚ್’ ಎಂದು ಎಡಗೈಗೆ ಕಲಿಸಿ. ಹೊರಡುವಾಗ ಬಲ ಮಣಿಕಟ್ಟು ಕೆಳಗೆ ಬಾಗಿರಲಿ, ಆಗ ಕೈ ಎಳೆದರೂ ರೇಸ್ ಹೆಚ್ಚು ತಿರುಗದು.

ಸ್ಕೂಟರಿನಿಂದ ಬೈಕಿಗೆ ಬರುವವರಿಗೆ ಮಾತ್ರ ಇದರಲ್ಲೊಂದು ತೊಡಕಿದೆ. ಸ್ಕೂಟರಿನಲ್ಲಿ ಎಡಗೈಯ ಲಿವರ್ ಹಿಂದಿನ ಬ್ರೇಕ್. ಎದುರು ನಾಯಿ ಅಡ್ಡ ಬಂದಾಗ ಹಳೇ ಅಭ್ಯಾಸದಿಂದ ಎಡಗೈ ಒತ್ತಿದರೆ ಬೈಕ್ ನಿಲ್ಲುವುದಿಲ್ಲ, ಎಂಜಿನ್ ಹಿಡಿತವೂ ತಪ್ಪಿ ಸರಾಗ ಉರುಳುತ್ತದೆ. ಅಂಥವರು ಬಲಗೈ ಮತ್ತು ಬಲಗಾಲಿನ ಬ್ರೇಕನ್ನು ಉಳಿದವರಿಗಿಂತ ಎರಡು ಪಟ್ಟು ಹೆಚ್ಚು ಅಭ್ಯಾಸ ಮಾಡಬೇಕು.

ನಿಲ್ಲಿಸಲು ಬಂದರೆ ಓಡಿಸಲು ಭಯವಿಲ್ಲ

‘ಮುಂದಿನ ಬ್ರೇಕ್ ಹಿಡಿಯಬೇಡ, ಪಲ್ಟಿ ಹೊಡೀತೀಯ’ ಎಂಬ ಮಾತು ಊರೂರಲ್ಲೂ ಕೇಳಿಸುತ್ತದೆ. ಈ ಮಾತು ನಂಬಿದವರು ಗಾಡಿಯ ನಿಲ್ಲುವ ಶಕ್ತಿಯ ದೊಡ್ಡ ಭಾಗವನ್ನು ಬಳಸುವುದೇ ಇಲ್ಲ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ. ಮುಂದಿನ ಟೈರ್ ರಸ್ತೆಗೆ ಗಟ್ಟಿಯಾಗಿ ಒತ್ತಿ ಹಿಡಿತ ಹೆಚ್ಚಿಸಿಕೊಳ್ಳುತ್ತದೆ, ಹಿಂದಿನದು ಹಗುರಾಗಿ ಬೇಗ ಲಾಕ್ ಆಗುತ್ತದೆ, ಅಂದರೆ ತಿರುಗುವುದನ್ನೇ ನಿಲ್ಲಿಸುತ್ತದೆ. ಒಣ ಡಾಂಬರಿನ ಮೇಲೆ ಸುಮಾರು ಮುಕ್ಕಾಲು ಪಾಲು ನಿಲ್ಲಿಸುವ ಕೆಲಸ ಮುಂದಿನ ಬ್ರೇಕಿನದೇ. ಬೀಳಿಸುವುದು ಮುಂದಿನ ಬ್ರೇಕ್ ಅಲ್ಲ, ಅದನ್ನು ಗಪ್ಪೆಂದು ಹಿಡಿಯುವುದು. ಭಾರ ಮುಂದಕ್ಕೆ ಬರುವ ಮೊದಲೇ ಚಕ್ರ ಲಾಕ್ ಆದರೆ ಜಾರುತ್ತದೆ. ಹ್ಯಾಂಡಲ್ ತಿರುಗಿದ್ದಾಗ, ಮರಳಿನ ಮೇಲೆ, ಒದ್ದೆ ಬಿಳಿ ಪಟ್ಟೆಯ ಮೇಲೆ ಹಿಡಿದರೂ ಅಷ್ಟೆ.

ಅಭ್ಯಾಸ ಹೀಗಿರಲಿ. ನೇರ ದಾರಿಯಲ್ಲಿ ಎರಡನೇ ಗೇರ್, 20 ಕಿ.ಮೀ. ವೇಗ. ಗುರುತಿಗೆ ಒಂದು ಕಲ್ಲು. ಕಲ್ಲಿನ ಬಳಿ ಬಂದಾಗ ರೇಸ್ ಬಿಟ್ಟು ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಿರಿ. ಮುಂದಿನದನ್ನು ಎರಡು ಬೆರಳಿನಿಂದ, ನಿಂಬೆಹಣ್ಣು ಹಿಂಡುವಂತೆ ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ. ನಿಲ್ಲುವ ಕೊನೆಯ ಕ್ಷಣಕ್ಕೆ ಕ್ಲಚ್, ಎಡಗಾಲು ನೆಲಕ್ಕೆ. ಹತ್ತು ಸಲ ಚೆನ್ನಾಗಿ ಬಂದ ಮೇಲೆ 30ಕ್ಕೆ, ಆಮೇಲೆ 40ಕ್ಕೆ ಏರಿಸಿ. ಎಲ್ಲಿ ನಿಂತಿರೆಂದು ಹೆಜ್ಜೆ ಹಾಕಿ ಅಳೆಯಿರಿ.

ಲೆಕ್ಕ ತಿಳಿದಿರುವುದು ಒಳ್ಳೆಯದು. ಅಪಾಯ ಕಂಡು ಬ್ರೇಕ್ ಹಿಡಿಯಲು 1 ಸೆಕೆಂಡ್ ಎಂದಿಟ್ಟುಕೊಂಡರೆ, 40 ಕಿ.ಮೀ. ವೇಗದಲ್ಲಿ ಅಷ್ಟರಲ್ಲೇ 11 ಮೀಟರ್ ಹೋಗಿರುತ್ತೀರಿ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ ಇನ್ನೂ 10 ಮೀಟರ್, ಒಟ್ಟು 21. ವೇಗ 60 ಆದರೆ ಮೊದಲಿನದು 17, ಎರಡನೆಯದು 23, ಒಟ್ಟು 40 ಮೀಟರ್. ವೇಗ ಒಂದೂವರೆ ಪಟ್ಟು ಹೆಚ್ಚಿದರೆ ನಿಲ್ಲುವ ದೂರ ಸುಮಾರು ಎರಡು ಪಟ್ಟು. ಹೊಸಬರಿಗೆ ಆ 1 ಸೆಕೆಂಡ್ ಸಾಲದು, ಕೈ ಲಿವರ್ ಹುಡುಕುವುದರಲ್ಲೇ ಅರ್ಧ ಸೆಕೆಂಡ್ ಹೆಚ್ಚು ಹೋಗುತ್ತದೆ. ಜನಸಂದಣಿಯಲ್ಲಿ ಎರಡು ಬೆರಳು ಸದಾ ಬ್ರೇಕ್ ಲಿವರ್ ಮೇಲಿದ್ದರೆ ಆ ಹೊತ್ತು ಉಳಿಯುತ್ತದೆ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಗಾಡಿಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯ. ಅದಕ್ಕಿಂತ ಚಿಕ್ಕವುಗಳಲ್ಲಿ ಸಾಮಾನ್ಯವಾಗಿ ಕಾಲಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುವ ಜೋಡಿ ಬ್ರೇಕ್ ವ್ಯವಸ್ಥೆ ಇರುತ್ತದೆ. ಎಬಿಎಸ್ ಕೆಲಸ ಮಾಡುವಾಗ ಲಿವರ್ ಟಕಟಕ ಎಂದು ಬೆರಳಿಗೆ ಬಡಿಯುತ್ತದೆ. ಏನೋ ಮುರಿಯಿತೆಂದು ಗಾಬರಿಯಾಗಿ ಕೈ ಬಿಡುವವರಿದ್ದಾರೆ. ಬಿಡಬೇಡಿ, ಹಿಡಿದೇ ಇರಿ. ಕಡಿಮೆ ಬೆಲೆಯ ಹಲವು ಗಾಡಿಗಳಲ್ಲಿ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ, ಹಿಂದಿನದು ಲಾಕ್ ಆಗಿ ಬಾಲ ಬೀಸಬಹುದು.

ಏರು, ತಿರುವು, ನಿಧಾನ

ಮಂಗಳೂರು, ಮಡಿಕೇರಿಯಂಥ ಊರುಗಳಲ್ಲಿ ಮನೆಯಿಂದ ಹೊರಟ ಕೂಡಲೇ ಏರು ಎದುರಾಗುತ್ತದೆ. ಏರಿನಲ್ಲಿ ನಿಂತಾಗ ಬಲಗಾಲು ಬ್ರೇಕಿನ ಮೇಲೆ, ಎಡಗಾಲು ನೆಲದ ಮೇಲೆ. ಮುಂದಿನ ಬ್ರೇಕಿನಿಂದ ತಡೆಹಿಡಿದರೆ ಅದೇ ಕೈ ರೇಸನ್ನೂ ಕೊಡಬೇಕಾಗಿ ಹೊಸಬರಿಗೆ ಗೊಂದಲ. ಒಂದನೇ ಗೇರ್, ರೇಸ್ ಸ್ವಲ್ಪ ಏರಿಸಿ, ಕ್ಲಚ್ ಬಿಡುತ್ತಾ ಬನ್ನಿ. ಎಂಜಿನ್ ಶಬ್ದ ತಗ್ಗಿ ಗಾಡಿಯ ಹಿಂಭಾಗ ಕುಸಿದಂತೆ ಅನಿಸಿದಾಗ ಕ್ಲಚ್ ಕಚ್ಚಿದೆ ಎಂದರ್ಥ. ಅಲ್ಲೇ ಕೈ ತಡೆದು ಬ್ರೇಕ್ ಮೆಲ್ಲಗೆ ಬಿಡಿ. ಗಾಡಿ ಹಿಂದಕ್ಕೆ ಜಾರದೆ ನಿಂತಿರುತ್ತದೆ, ಈಗ ಹೊರಡಿ.

ಆರ್‌ಟಿಓ ಪರೀಕ್ಷೆಯ ಎಂಟರ ಆಕಾರಕ್ಕೂ ಪೇಟೆಯ ಟ್ರಾಫಿಕ್‌ಗೂ ಬೇಕಾದ ವಿದ್ಯೆ ಒಂದೇ: ಕಾಲೂರದೆ ನಡಿಗೆಯ ವೇಗದಲ್ಲಿ ಹೋಗುವುದು. ಹಾಫ್ ಕ್ಲಚ್‌ನಲ್ಲಿ ರೇಸ್ ಸ್ಥಿರವಾಗಿಟ್ಟು, ಹಿಂದಿನ ಬ್ರೇಕನ್ನು ತುಸು ಒತ್ತಿಕೊಂಡೇ ಹೋಗಿ. ಗಾಡಿ ಅಚ್ಚರಿಯಾಗುವಷ್ಟು ನೆಟ್ಟಗೆ ನಿಲ್ಲುತ್ತದೆ. ಹದಿನೈದು ಮೀಟರ್ ದೂರವನ್ನು ಸಾಧ್ಯವಾದಷ್ಟು ಹೆಚ್ಚು ಹೊತ್ತು ತೆಗೆದುಕೊಂಡು ದಾಟಲು ಪ್ರಯತ್ನಿಸಿ. ಯೂ ಟರ್ನ್‌ನಲ್ಲೂ ಇದೇ ಕ್ರಮ, ಮುಂದಿನ ಬ್ರೇಕ್ ಮುಟ್ಟಬಾರದು.

ಸುಮಾರು 20 ಕಿ.ಮೀ.ಗಿಂತ ವೇಗವಿದ್ದಾಗ ಬೈಕ್ ತಿರುಗುವುದು ವಾಲುವುದರಿಂದ. ಎಡಕ್ಕೆ ವಾಲಲು ಎಡ ಹಿಡಿಕೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಕೇಳಲು ವಿಚಿತ್ರ, ಖಾಲಿ ರಸ್ತೆಯಲ್ಲಿ ಮಾಡಿ ನೋಡಿದರೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವು ಮುಗಿಯುವ ಕಡೆ ಮುಖ ತಿರುಗಿಸಿ. ಹೆದರಿದ ಕಣ್ಣು ಗುಂಡಿಯನ್ನೇ, ಎದುರಿನ ಲಾರಿಯನ್ನೇ ದಿಟ್ಟಿಸುತ್ತದೆ, ಗಾಡಿ ಕಣ್ಣು ಹೋದ ಕಡೆಗೇ ಹೋಗುತ್ತದೆ. ಗುಂಡಿ ಕಂಡರೆ ಅದರ ಪಕ್ಕದ ಒಳ್ಳೆಯ ರಸ್ತೆಯನ್ನು ನೋಡಬೇಕು.

ರಸ್ತೆಗೆ ಇಳಿಯುವ ಕ್ರಮ

ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಸಿಕ್ಕ 30 ದಿನಗಳ ನಂತರ ಡಿಎಲ್ (ಪಕ್ಕಾ ಲೈಸೆನ್ಸ್) ಪರೀಕ್ಷೆಗೆ ಹೋಗಬಹುದು, ಎಲ್‌ಎಲ್‌ಆರ್ ಅವಧಿ 6 ತಿಂಗಳು. ಮೂವತ್ತು ದಿನ ಮುಗಿದ ಕೂಡಲೇ ಪರೀಕ್ಷೆಗೆ ಹೋಗುವ ಅವಸರ ಬೇಡ. ಮೈದಾನದ ಕೆಲಸ ತಲೆಯಿಂದ ಕೈಗೆ ಇಳಿದಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಗೇರ್ ಬದಲಿಸುತ್ತಾ ಪಕ್ಕದಲ್ಲಿ ನಿಂತವರ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಲು ಬಂದರೆ ರಸ್ತೆಗೆ ಹೊರಡಬಹುದು. ಮಾತು ನಿಂತುಹೋದರೆ ಮೈದಾನದಲ್ಲೇ ಇನ್ನಷ್ಟು ದಿನ.

ಮೊದಲ ದಾರಿ ಭಾನುವಾರ ಬೆಳಗ್ಗೆ ಆರೂವರೆಯ ಹೊತ್ತಿನ ಲೇಔಟ್ ರಸ್ತೆಗಳು. ಬರೀ ಎಡ ತಿರುವುಗಳಿರುವ ಸುತ್ತೊಂದನ್ನು ಆರಿಸಿಕೊಳ್ಳಿ. ನಮ್ಮದು ಎಡಬದಿಯ ಸಂಚಾರ, ಎಡಕ್ಕೆ ತಿರುಗುವಾಗ ಎದುರಿನ ವಾಹನಗಳನ್ನು ಅಡ್ಡ ದಾಟುವ ಪ್ರಮೇಯವೇ ಇಲ್ಲ. ಅದು ಬೇಸರ ಬರುವಷ್ಟು ಸಲೀಸಾದ ಮೇಲೆ ಬಲ ತಿರುವು ಸೇರಿಸಿ. ಆಮೇಲೆ ಒಂದು ಸಿಗ್ನಲ್, ಆಮೇಲೆ ಅದೇ ದಾರಿ ಬೆಳಗ್ಗೆ ಒಂಬತ್ತಕ್ಕೆ. ಒಂದು ಸಲಕ್ಕೆ ಒಂದೇ ಹೊಸ ಕಷ್ಟ. ರಸ್ತೆ ಹೊಸದಾದರೆ ಸಮಯ ಹಳೆಯದಿರಲಿ, ಸಮಯ ಹೊಸದಾದರೆ ರಸ್ತೆ ಹಳೆಯದಿರಲಿ. ರಾತ್ರಿ, ಮಳೆ, ಫ್ಲೈಓವರ್, ಹೈವೇ ಎಲ್ಲವೂ ಆಮೇಲೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯ ಆಸೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿದರೆ ನಷ್ಟವಿಲ್ಲ.

ಎದುರಿನ ವಾಹನದಿಂದ ಎರಡು ಸೆಕೆಂಡಿನ ಅಂತರ ಇಟ್ಟುಕೊಳ್ಳಿ, 40 ಕಿ.ಮೀ. ವೇಗದಲ್ಲಿ ಅದು 22 ಮೀಟರ್. ಬೆಂಗಳೂರಿನಲ್ಲಿ ಆ ಜಾಗಕ್ಕೆ ಆಟೊ ನುಗ್ಗುತ್ತದೆ. ನುಗ್ಗಲಿ, ರೇಸ್ ಇಳಿಸಿ ಮತ್ತೆ ಅಂತರ ಮಾಡಿಕೊಳ್ಳಿ. ನಿಂತ ಬಸ್ಸಿನ ಎಡಗಡೆ ನುಸುಳಲೇಬೇಡಿ, ಜನ ಇಳಿಯುವುದು ಆ ಕಡೆಗೇ. ಆಟೊ ಯಾವ ಕಡೆ ತಿರುಗುತ್ತದೆಂದು ತಿಳಿಯಲು ಇಂಡಿಕೇಟರ್‌ಗಿಂತ ಅದರ ಮುಂದಿನ ಚಕ್ರ ನಂಬಿಕೆಗೆ ಅರ್ಹ. ಹಾರ್ನ್ ಹೊಡೆಯುವವರಿಗೆ ದಾರಿ ಬಿಡುವುದರಲ್ಲಿ ಸೋಲೇನಿಲ್ಲ. ನಿಮ್ಮ ವೇಗವನ್ನು ಅವರು ನಿರ್ಧರಿಸಬಾರದು ಅಷ್ಟೆ.

ಬಣ್ಣ ಬಳಿಯದ ಹಂಪ್‌ಗಳು ನಮ್ಮ ರಸ್ತೆಗಳಲ್ಲಿ ಸಾಮಾನ್ಯ. ಹಂಪ್ ತಲುಪುವ ಮೊದಲೇ ಬ್ರೇಕ್ ಮುಗಿಸಿ ಬಿಟ್ಟುಬಿಡಿ, ಏರುವಾಗ ಬ್ರೇಕ್ ಹಿಡಿದಿದ್ದರೆ ಮುಂದಿನ ಶಾಕ್ ಮೊದಲೇ ಕುಸಿದಿರುತ್ತದೆ, ಪೆಟ್ಟು ಜೋರು. ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿನಿಂದ ತುಸು ಎದ್ದರೆ ಗಾಡಿ ಕಾಲ ಕೆಳಗೆ ಕುಣಿದು ಹೋಗುತ್ತದೆ.

ಹಳ್ಳಿ ರಸ್ತೆಗೆ ಹೋಗುವವರು ಸುಗ್ಗಿಯ ಕಾಲದಲ್ಲಿ ಎಚ್ಚರವಾಗಿರಬೇಕು. ರಾಗಿ, ಹುರುಳಿಯನ್ನು ಒಕ್ಕಣೆಗೆಂದು ಡಾಂಬರಿನ ಮೇಲೆ ಹರಡಿರುತ್ತಾರೆ, ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಒಣಗಲು ಹಾಕಿರುತ್ತಾರೆ. ಒಣ ಹುಲ್ಲು, ಉರುಟು ಕಾಳಿನ ಮೇಲೆ ಟೈರಿಗೆ ಹಿಡಿತವೇ ಇಲ್ಲ. ಅದರ ಮೇಲೆ ಬ್ರೇಕ್, ತಿರುವು ಎರಡೂ ಬೇಡ. ಮೊದಲೇ ವೇಗ ಇಳಿಸಿ ನೆಟ್ಟಗೆ, ಒಂದೇ ರೇಸ್‌ನಲ್ಲಿ ದಾಟಿ. ಮಂಡ್ಯ, ಬೆಳಗಾವಿ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳಿಗೆ ಎಷ್ಟೋ ಸಲ ಹಿಂದೆ ದೀಪ ಇರುವುದಿಲ್ಲ, ರಾತ್ರಿ ನಿಮ್ಮ ದೀಪ ತಲುಪುವ ದೂರದೊಳಗೆ ನಿಲ್ಲಿಸಲಾಗುವಷ್ಟೇ ವೇಗ ಇರಲಿ. ಮುಂಗಾರಿನ ಮೊದಲ ಮಳೆ ಬಿದ್ದ ಅರ್ಧ ಗಂಟೆ ರಸ್ತೆಯ ಎಣ್ಣೆ, ಧೂಳು ಸೇರಿ ಜಾರುಪಸೆ. ಆಗ ಎಲ್ಲಾದರೂ ಚಹಾ ಕುಡಿಯುತ್ತಾ ಕೂತುಬಿಡುವುದು ಜಾಣತನ.

ಗಾಡಿ ಬಿದ್ದರೆ

ನಿಂತಲ್ಲೇ ಗಾಡಿ ವಾಲಿ ಕೈತಪ್ಪಿದರೆ ತಡೆಯಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ, ಬಿಟ್ಟು ಪಕ್ಕಕ್ಕೆ ಸರಿಯಿರಿ. ಕಿಲ್ ಸ್ವಿಚ್, ಕೀ ಎರಡನ್ನೂ ಆಫ್ ಮಾಡಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ಚಾಚಿಡಿ, ಇಲ್ಲವಾದರೆ ಎತ್ತಿದ ಗಾಡಿ ಎಡಕ್ಕೆ ಬೀಳುತ್ತದೆ. ಗೇರ್‌ನಲ್ಲಿದ್ದರೆ ಉರುಳುವುದಿಲ್ಲ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂತು, ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಹಿಂದಿನ ಹಿಡಿಕೆಗೆ ಹಾಕಿ, ಬೆನ್ನು ನೆಟ್ಟಗಿಟ್ಟು ಕಾಲಿನ ಬಲದಿಂದ ಹಿಂದಕ್ಕೆ ಸಣ್ಣ ಹೆಜ್ಜೆಯಿಡುತ್ತಾ ಎತ್ತಬೇಕು. ಹೊರಡುವ ಮುನ್ನ ಲಿವರ್, ಬ್ರೇಕ್ ಪೆಡಲ್, ಹ್ಯಾಂಡಲ್ ಸೊಟ್ಟಗಾಗಿವೆಯೇ, ಪೆಟ್ರೋಲ್ ಸೋರುತ್ತಿದೆಯೇ ನೋಡಿ. ಹೊಸ ಗಾಡಿಗಳಲ್ಲಿ ಬಿದ್ದ ಕೂಡಲೇ ಎಂಜಿನ್ ತಾನೇ ಆಫ್ ಆಗುವ ವ್ಯವಸ್ಥೆ ಇದ್ದರೆ, ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿದ ಮೇಲಷ್ಟೇ ಸ್ಟಾರ್ಟ್ ಆಗುತ್ತದೆ.

ಪೆಟ್ಟಾಗದಿದ್ದರೆ ಅದೇ ದಿನ ಮೈದಾನಕ್ಕೆ ಹೋಗಿ ಹತ್ತು ನಿಮಿಷ ಓಡಿಸುವುದು ಒಳ್ಳೆಯದು, ಬಿದ್ದ ಜಾಗಕ್ಕೇ ಹೋಗಬೇಕೆಂದಿಲ್ಲ. ದೊಡ್ಡ ಅಪಘಾತದ ನಂತರದ ಭಯ ಬೇರೆ ಬಗೆಯದು. ವಾರಗಟ್ಟಲೆ ನಿದ್ದೆ ಕೆಡುತ್ತಿದ್ದರೆ, ಹಾರ್ನ್ ಕೇಳಿದರೇ ಬೆವರುತ್ತಿದ್ದರೆ ಅದಕ್ಕೆ ಕ್ಲಚ್ ಅಭ್ಯಾಸ ಮದ್ದಲ್ಲ. ವೈದ್ಯರನ್ನು ಕಾಣಬೇಕು, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಡಬಲ್ಸ್ ಯಾವಾಗ

ಒಬ್ಬರೇ ಪೇಟೆಯ ಸಂದಣಿಯಲ್ಲಿ, ಏರಿನಲ್ಲಿ, ಮಳೆಯಲ್ಲಿ ನಿರಾಳವಾಗಿ ಓಡಿಸಲು ಬಂದ ಮೇಲೆ, ಕೈಯಲ್ಲಿ ಡಿಎಲ್ ಇದ್ದಾಗ. ಹಿಂದೆ 60 ಕೆ.ಜಿ. ಕೂತರೆ ಸ್ಪ್ಲೆಂಡರಿನಂಥ ಗಾಡಿ ಮತ್ತು ಸವಾರರು ಸೇರಿದ ಒಟ್ಟು ಭಾರ ಸುಮಾರು ಮೂರನೇ ಒಂದರಷ್ಟು ಏರುತ್ತದೆ. ಹೊರಡಲು ರೇಸ್ ಹೆಚ್ಚು ಬೇಕು, ಕ್ಲಚ್ ಇನ್ನೂ ನಿಧಾನ ಬಿಡಬೇಕು, ನಿಲ್ಲಿಸಲು ಇನ್ನೂ ಮೊದಲೇ ಬ್ರೇಕ್ ಹಿಡಿಯಬೇಕು. ಹಿಂದಿನ ಟೈರಿಗೆ ಡಬಲ್ಸ್‌ಗೆಂದು ಹೇಳಿರುವ ಹೆಚ್ಚಿನ ಗಾಳಿ ಹಾಕಿಸಿ, ಅಂಕಿ ಸಾಮಾನ್ಯವಾಗಿ ಚೈನ್ ಕವರ್ ಮೇಲೋ ಅದರ ಹತ್ತಿರದ ಸ್ಟಿಕರ್‌ನಲ್ಲೋ ಇರುತ್ತದೆ. ಹತ್ತುವವರಿಗೂ ನಾಲ್ಕು ಮಾತು ಹೇಳಿಡಿ: ‘ಬಾ’ ಎಂದ ಮೇಲೇ ಎಡಗಡೆಯಿಂದ ಹತ್ತಬೇಕು, ತಿರುವಿನಲ್ಲಿ ಗಾಡಿಯ ಜೊತೆಗೇ ವಾಲಬೇಕು, ನಿಂತಾಗ ಕಾಲನ್ನು ಫುಟ್‌ರೆಸ್ಟ್‌ನಿಂದ ತೆಗೆಯಬಾರದು, ಎಂಜಿನ್ ಆಫ್ ಆಗಿ ಸವಾರರು ಎರಡೂ ಕಾಲೂರಿದ ಮೇಲಷ್ಟೇ ಇಳಿಯಬೇಕು.